13 ಕೋಟಿ ಹೆಸರು, ನಾಲ್ಕು ತಿಂಗಳು: ಅಮೆರಿಕದ 1940ರ ಜನಗಣತಿಯನ್ನು ಸ್ವಯಂಸೇವಕರು ಅಕ್ಷರಕ್ಕಿಳಿಸಿದ ಪ್ರಕರಣ

ಅಮೆರಿಕದ 1940ರ ಜನಗಣತಿಯ ಹಾಳೆಗಳಲ್ಲಿ ಸುಮಾರು 13.2 ಕೋಟಿ ಜನರ ಹೆಸರಿದೆ. 2012ರ ಏಪ್ರಿಲ್ 2ರಂದು ಆ ಹಾಳೆಗಳು ಸಾರ್ವಜನಿಕರಿಗೆ ತೆರೆದುಕೊಂಡವು. ಆದರೆ ಅವತ್ತು ಅಷ್ಟರಲ್ಲಿ ಒಂದೇ ಒಂದು ಹೆಸರನ್ನೂ ಹುಡುಕುವ ಹಾಗಿರಲಿಲ್ಲ. 38 ಲಕ್ಷಕ್ಕೂ ಹೆಚ್ಚು ಚಿತ್ರಗಳು, ಎಲ್ಲ ಕೈಬರಹ. ಕಂಪ್ಯೂಟರಿನ ಮಟ್ಟಿಗೆ ಅವು ಬರೀ ಕಪ್ಪು ಬಿಳುಪು ಫೋಟೊಗಳು. ಅಜ್ಜನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ಉತ್ತರವಿಲ್ಲ. ಆಗಸ್ಟ್ ಹೊತ್ತಿಗೆ ಉತ್ತರ ಬರತೊಡಗಿತ್ತು. ನಡುವಿನ ನಾಲ್ಕು ತಿಂಗಳಲ್ಲಿ 1 ಲಕ್ಷ 60 ಸಾವಿರಕ್ಕೂ ಹೆಚ್ಚು ಜನ ಮನೆಯಲ್ಲೇ ಕೂತು, ನಯಾಪೈಸೆ ಪಡೆಯದೆ, ಅದನ್ನೆಲ್ಲ ಓದಿ ಟೈಪ್ ಮಾಡಿ ಮುಗಿಸಿದ್ದರು.

ಇದನ್ನು ಜನಶಕ್ತಿಯ ಪವಾಡ ಎಂದು ಹೊಗಳುವವರು ಬಹಳ. ನನಗೆ ಅದು ಅರ್ಧ ಮಾತು ಅನ್ನಿಸುತ್ತದೆ. ಈ ಕೆಲಸದ ಮುಂದಾಳತ್ವ ವಹಿಸಿದ್ದು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯ ಫ್ಯಾಮಿಲಿಸರ್ಚ್. ಮಾರ್ಮನ್ ಎಂಬ ಕ್ರೈಸ್ತ ಪಂಥದ ಚರ್ಚ್ ನಡೆಸುವ ವಂಶಾವಳಿ ಸಂಸ್ಥೆ ಅದು. ತೀರಿಹೋದ ಪೂರ್ವಿಕರ ಹೆಸರು ಹುಡುಕಿ ಅವರಿಗಾಗಿ ಸಂಸ್ಕಾರ ಮಾಡಿಸುವುದು ಆ ಪಂಥದವರಿಗೆ ಧರ್ಮದ ಕರ್ತವ್ಯ. ಇದೇ ಚರ್ಚಿನ ಸ್ವಯಂಸೇವಕರು ಹಿಂದೆ 1880ರ ಜನಗಣತಿಯ 5 ಕೋಟಿ ಹೆಸರುಗಳಿಗೆ ಸೂಚಿ, ಅಂದರೆ ಹೆಸರು ಹಿಡಿದು ಹುಡುಕಲು ಬರುವ ಪಟ್ಟಿ, ಮಾಡಿದ್ದರು. ಅದಕ್ಕೆ ಸುಮಾರು 17 ವರ್ಷ ಹಿಡಿಯಿತು. ಕೊನೆಗೆ 2001ರಲ್ಲಿ ಸಿಡಿಗಳ ದೊಡ್ಡ ಕಟ್ಟಾಗಿ ಹೊರಬಂತು. ಶ್ರದ್ಧೆ ಆಗಲೂ ಇತ್ತು, ಜನರೂ ಇದ್ದರು. ಇಂಟರ್ನೆಟ್ ಬಂದದ್ದು ದೊಡ್ಡ ವ್ಯತ್ಯಾಸ ಹೌದು, ಆದರೆ ಅದರ ಜೊತೆಗೆ ಕೆಲಸವನ್ನು ಎಷ್ಟು ಸಣ್ಣದಾಗಿ ಹೆಚ್ಚಿ ಹಂಚಿದರು ಎನ್ನುವುದನ್ನು ನೋಡದಿದ್ದರೆ ಈ ಪ್ರಕರಣ ಅರ್ಥವಾಗುವುದಿಲ್ಲ.

72 ವರ್ಷದ ಬೀಗ

ಅಮೆರಿಕದಲ್ಲಿ ಜನಗಣತಿಯ ಮನೆಮನೆಯ ವಿವರ 72 ವರ್ಷ ಗುಟ್ಟಾಗಿರುತ್ತದೆ. 1952ರಲ್ಲಿ ಗಣತಿ ಇಲಾಖೆ ಮತ್ತು ರಾಷ್ಟ್ರೀಯ ಪತ್ರಾಗಾರದ ಮುಖ್ಯಸ್ಥರ ನಡುವೆ ಪತ್ರ ವ್ಯವಹಾರದಲ್ಲಿ ಆದ ಒಪ್ಪಂದ ಇದು, 1978ರಲ್ಲಿ ಕಾನೂನಾಯಿತು. 1940ರ ಗಣತಿಯ ಎಣಿಕೆಯ ದಿನ ಏಪ್ರಿಲ್ 1. ಅದಕ್ಕೆ 72 ವರ್ಷ ಸೇರಿಸಿದರೆ 2012ರ ಏಪ್ರಿಲ್ 1 ಭಾನುವಾರ ಬರುತ್ತದೆ, ಹಾಗಾಗಿ ಮರುದಿನ ಬೆಳಿಗ್ಗೆ 9ಕ್ಕೆ ಬಾಗಿಲು ತೆಗೆದರು. ಪತ್ರಾಗಾರ ಒಂದು ಗಣತಿಯನ್ನು ನೇರ ಇಂಟರ್ನೆಟ್ಟಿನಲ್ಲೇ ಬಿಡುಗಡೆ ಮಾಡಿದ್ದು ಅದೇ ಮೊದಲು. ಹತ್ತು ವರ್ಷದ ಹಿಂದೆ 1930ರದ್ದು ತೆರೆದಾಗ ಜನ ಮೈಕ್ರೋಫಿಲ್ಮ್ ಸುರುಳಿಗಳ ಮುಂದೆ ಸಾಲುಗಟ್ಟಿದ್ದರು.

ಮೊದಲ ಮೂರು ಗಂಟೆಯಲ್ಲಿ 2.25 ಕೋಟಿ ಹಿಟ್ ಬಿದ್ದು ತಾಣ ಕೂತುಬಿಟ್ಟಿತು. ಪತ್ರಿಕೆಗಳಿಗೆ ಅದೇ ಸುದ್ದಿ. ಸರ್ವರ್ ಸೇರಿಸಿ ಒಂದೆರಡು ದಿನದಲ್ಲಿ ಸರಿಮಾಡಿದರು. ಅದರಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ.

ಹೆಸರಿನ ಸೂಚಿ ಇಲ್ಲದೆ ಆ ನಾಲ್ಕು ತಿಂಗಳು ಜನ ಹುಡುಕಿದ್ದು ಹೇಗೆ ಎನ್ನುವುದು ಇದಕ್ಕಿಂತ ಸ್ವಾರಸ್ಯದ ಸಂಗತಿ. ದೇಶವನ್ನು ಗಣತಿದಾರರಿಗಾಗಿ 1 ಲಕ್ಷ 47 ಸಾವಿರದಷ್ಟು ವಲಯಗಳಾಗಿ ಹಂಚಿದ್ದರು. ಒಬ್ಬ ಗಣತಿದಾರ ನಗರದಲ್ಲಾದರೆ ಎರಡು ವಾರದಲ್ಲಿ, ಹಳ್ಳಿಗಾಡಿನಲ್ಲಾದರೆ ಒಂದು ತಿಂಗಳಲ್ಲಿ ತಿರುಗಿ ಮುಗಿಸಬಹುದಾದಷ್ಟು ಜಾಗ ಒಂದು ವಲಯ. ಅಜ್ಜ ಇದ್ದ ಬೀದಿ ಗೊತ್ತಿದ್ದರೆ ವಲಯದ ಸಂಖ್ಯೆ ಸಿಗಬಹುದು, ವಲಯ ಸಿಕ್ಕರೆ ಅದರ ಹಾಳೆಗಳನ್ನು ಒಂದೊಂದಾಗಿ ತಿರುವಬಹುದು. ಬೀದಿಯಿಂದ ವಲಯಕ್ಕೆ ದಾರಿ ತೋರಿಸುವ ಉಚಿತ ಸಾಧನವನ್ನು ಇಬ್ಬರು ವರ್ಷಗಳ ಮೊದಲೇ ಕಟ್ಟಲು ಶುರುಮಾಡಿದ್ದರು: ಜೋಯಲ್ ವೈನ್‌ಟ್ರಾಬ್ ಎಂಬ ನಿವೃತ್ತ ಜೀವಶಾಸ್ತ್ರ ಪ್ರಾಧ್ಯಾಪಕ, ಮತ್ತು ಸ್ಟೀಫನ್ ಮೋರ್ಸ್. ಈ ಮೋರ್ಸ್ ಬೇರೆ ಯಾರೂ ಅಲ್ಲ, ಇಂದಿನ ಪಿಸಿಗಳ ವಂಶದ ಮೂಲಪುರುಷ ಎನ್ನಬಹುದಾದ ಇಂಟೆಲ್ 8086 ಚಿಪ್ಪನ್ನು ವಿನ್ಯಾಸ ಮಾಡಿದವರು. ಚಿಪ್ಪಿನ ವಂಶವೃಕ್ಷ ನೆಟ್ಟವರೇ ಜನರ ವಂಶವೃಕ್ಷಕ್ಕೂ ನೀರೆರೆದರು ಅನ್ನಿ. ಊರೂರಿನ ಬೀದಿ ಪಟ್ಟಿಗಳನ್ನು ಟೈಪ್ ಮಾಡಿಕೊಟ್ಟವರು ಅಲ್ಲೂ ಸ್ವಯಂಸೇವಕರೇ.

ಒಂದು ಹಾಳೆಯನ್ನು ಹತ್ತಿರದಿಂದ

ಗಣತಿಯ ಹಾಳೆ ದೊಡ್ಡ ಅಗಲದ್ದು. ಒಂದು ಪುಟಕ್ಕೆ 40 ಸಾಲು, ಸಾಲಿಗೊಬ್ಬ ವ್ಯಕ್ತಿ. ಹಿಂದೆ ಮುಂದೆ ಸೇರಿ 80 ಜನ. ಎಡತುದಿಯಲ್ಲಿ ಬೀದಿಯ ಹೆಸರನ್ನು ಉದ್ದಕ್ಕೆ, ಕೆಳಗಿನಿಂದ ಮೇಲಕ್ಕೆ ಬರೆದಿರುತ್ತದೆ. ಓದಲು ಕತ್ತು ವಾಲಿಸಬೇಕು. ಆಮೇಲೆ ಮನೆ ಸಂಖ್ಯೆ, ಸ್ವಂತವೋ ಬಾಡಿಗೆಯೋ, ಬಾಡಿಗೆ ಎಷ್ಟು. ನಂತರ ಹೆಸರು, ಯಜಮಾನನಿಗೆ ಸಂಬಂಧ, ಲಿಂಗ, ಬಣ್ಣ ಅಥವಾ ಜನಾಂಗ, ವಯಸ್ಸು, ಮದುವೆ, ಓದು, ಹುಟ್ಟಿದ ರಾಜ್ಯ ಅಥವಾ ದೇಶ, 1935ರಲ್ಲಿ ಎಲ್ಲಿದ್ದರು, ಕೆಲಸ, ಹಿಂದಿನ ವರ್ಷದ ಸಂಬಳ. ಆರ್ಥಿಕ ಕುಸಿತದ ದಶಕ ಅದು. ಜನ ಎಲ್ಲಿಂದ ಎಲ್ಲಿಗೆ ಗುಳೆ ಹೋದರು, ಎಷ್ಟು ದುಡಿದರು ಎಂದು ಸರ್ಕಾರಕ್ಕೆ ತಿಳಿಯಬೇಕಿತ್ತು. ಸಂಬಳ 5,000 ಡಾಲರ್ ದಾಟಿದ್ದರೆ ಸರಿಯಾದ ಮೊತ್ತ ಕೇಳುತ್ತಿರಲಿಲ್ಲ, '5,000ಕ್ಕಿಂತ ಹೆಚ್ಚು' ಎಂದು ಗುರುತು ಹಾಕಿ ಬಿಡುತ್ತಿದ್ದರು. ಸಾಹುಕಾರರಿಗೆ ಎಲ್ಲ ಕಾಲದಲ್ಲೂ ಒಂದು ಮರೆ ಇರುತ್ತದೆ.

ಟೈಪ್ ಮಾಡುವವರಿಗೆ ಕಾಟ ಕೊಟ್ಟದ್ದು ಈ ಕಾಲಂಗಳಲ್ಲ, ಒಂದು ಸಣ್ಣ ಅಡ್ಡಗೆರೆ. ಯಜಮಾನನ ಸಾಲಿನಲ್ಲಿ ಮನೆತನದ ಹೆಸರು ಪೂರ್ತಿ ಬರೆದ ಗಣತಿದಾರ, ಹೆಂಡತಿ ಮಕ್ಕಳ ಸಾಲಿನಲ್ಲಿ ಅದರ ಬದಲು ಒಂದು ಗೆರೆ ಎಳೆದು ಮುಂದೆ ಹೋಗುತ್ತಿದ್ದ. ಸ್ವಯಂಸೇವಕರಿಗೆ ಇದ್ದ ಮುಖ್ಯ ಸೂಚನೆ ಕಂಡದ್ದನ್ನು ಕಂಡಂತೆ ಟೈಪ್ ಮಾಡಿ ಎಂಬುದು. ಕಾಗುಣಿತ ತಿದ್ದಬೇಡಿ, ನಿಮ್ಮ ಅಜ್ಜಿಯ ಹೆಸರು ತಪ್ಪಾಗಿದ್ದರೂ ಹಾಗೇ ಬಿಡಿ. ಆದರೆ ಗೆರೆ ಇದ್ದಲ್ಲಿ ಮಾತ್ರ ಮೇಲಿನ ಸಾಲಿನ ಮನೆತನದ ಹೆಸರನ್ನು ತುಂಬಬೇಕು. ಅನುಕೂಲದ ನಿಯಮವೇ ಸರಿ. ಇಲ್ಲದಿದ್ದರೆ ಮಕ್ಕಳಾರೂ ಹುಡುಕಾಟಕ್ಕೆ ಸಿಗುತ್ತಿರಲಿಲ್ಲ. ತೊಂದರೆ ಏನೆಂದರೆ, ಯಜಮಾನನ ಮೊದಲ ಅಕ್ಷರವನ್ನು ಒಮ್ಮೆ ತಪ್ಪಾಗಿ ಓದಿದರೆ ಆ ಮನೆಯ ಏಳೆಂಟು ಜನರೂ ಅದೇ ತಪ್ಪು ಹೆಸರಿನಲ್ಲಿ ಸೂಚಿಯೊಳಗೆ ಸೇರಿಹೋಗುತ್ತಾರೆ. ಇಂಗ್ಲಿಷಿನ ಕೂಡುಬರಹದಲ್ಲಿ ದೊಡ್ಡ ಎಲ್ ಮತ್ತು ಎಸ್, ಐ ಮತ್ತು ಜೆ ಒಂದರಂತೆ ಒಂದು ಕಾಣುತ್ತವೆ. ತಿದ್ದಿ ನೋಡೋಣವೆಂದರೆ ಮೂಲ ಕಾಗದವೇ ಇಲ್ಲ: ಮೈಕ್ರೋಫಿಲ್ಮ್ ಮಾಡಿದ ಮೇಲೆ ಹಾಳೆಗಳನ್ನು ನಾಶಮಾಡಿದ್ದರು. ಮಸಿಯ ಬಣ್ಣ, ಒತ್ತು, ಅಳಿಸಿ ಬರೆದ ಗುರುತು, ಯಾವುದೂ ಉಳಿದಿಲ್ಲ. 4,643 ಸುರುಳಿ ಫಿಲ್ಮೇ ಈಗಿನ ಮೂಲ.

ಇನ್ನೊಂದು ಗುರುತನ್ನೂ ಹೇಳಬೇಕು. ಮನೆಯಲ್ಲಿ ಯಾರು ಉತ್ತರ ಕೊಟ್ಟರೋ ಅವರ ಹೆಸರಿನ ಮುಂದೆ ಗಣತಿದಾರ ವೃತ್ತದೊಳಗೆ ಗುಣಾಕಾರದ ಚಿಹ್ನೆ ಹಾಕಬೇಕಿತ್ತು. ವಂಶಾವಳಿ ಹುಡುಕುವವರಿಗೆ ಇದು ಚಿನ್ನ. ಅಜ್ಜನ ವಯಸ್ಸು ಹೇಳಿದ್ದು ಸ್ವತಃ ಅಜ್ಜನೇ, ಅಜ್ಜಿಯೇ, ಅಥವಾ ಹದಿನಾರರ ಮಗಳೇ ಎಂದು ತಿಳಿದರೆ ಆ ವಯಸ್ಸನ್ನು ಎಷ್ಟು ನಂಬಬೇಕೆಂದು ಗೊತ್ತಾಗುತ್ತದೆ. ಸ್ವಯಂಸೇವಕರ ಸೂಚಿಯಲ್ಲಿ ಈ ಗುರುತಿಗೆ ಜಾಗವಿರಲಿಲ್ಲ. ಉದ್ಯೋಗ, ಸಂಬಳಕ್ಕೂ ಇರಲಿಲ್ಲ. ಹೆಸರು, ಸಂಬಂಧ, ವಯಸ್ಸು, ಜನಾಂಗ, ಹುಟ್ಟಿದ ಜಾಗ, 1935ರ ವಾಸ ಇಂಥವಷ್ಟೇ. ನಾಲ್ಕು ತಿಂಗಳಲ್ಲಿ ಮುಗಿದದ್ದರ ಒಂದು ಗುಟ್ಟು ಇಲ್ಲಿದೆ: ಏನನ್ನು ಬಿಡಬೇಕು ಎಂದು ಮೊದಲೇ ತೀರ್ಮಾನಿಸಿದ್ದರು. ಉಳಿದದ್ದು ಬೇಕಾದವರು ಚಿತ್ರ ತೆರೆದು ನೋಡಿಕೊಳ್ಳಲಿ ಎಂಬ ಲೆಕ್ಕ. ಒಪ್ಪತಕ್ಕ ಲೆಕ್ಕವೇ, ಆದರೆ ಬಹಳ ಜನ ಸೂಚಿ ನೋಡಿ ಅಲ್ಲೇ ನಿಲ್ಲುತ್ತಾರೆ.

ಇಬ್ಬರು ಓದಬೇಕು, ಒಬ್ಬರಿಗೊಬ್ಬರು ಕಾಣಬಾರದು

ಕೆಲಸ ನಡೆದ ರೀತಿ ಹೀಗೆ. ಸ್ವಯಂಸೇವಕ ತನ್ನ ಕಂಪ್ಯೂಟರಿಗೆ ಒಂದು ತಂತ್ರಾಂಶ ಇಳಿಸಿಕೊಂಡು, ತನಗೆ ಬೇಕಾದ ರಾಜ್ಯ ಆರಿಸಿ, ಒಂದು ಬ್ಯಾಚ್ ಕೇಳುತ್ತಾನೆ. ಬ್ಯಾಚ್ ಎಂದರೆ ಒಂದು ಪುಟ, 40 ಸಾಲು. ಊಟ ಮುಗಿಸಿ ಮಲಗುವ ಮುಂಚೆ ಮುಗಿಸಬಹುದಾದಷ್ಟು. ಅದೇ ಪುಟ ಇನ್ನೆಲ್ಲೋ ಇರುವ ಎರಡನೆಯವನಿಗೂ ಹೋಗುತ್ತದೆ. ಇವನು ಏನು ಟೈಪ್ ಮಾಡಿದ ಎಂದು ಅವನಿಗೆ ಕಾಣುವುದಿಲ್ಲ. ಎರಡೂ ವಾಪಸು ಬಂದ ಮೇಲೆ ಯಂತ್ರ ಹೋಲಿಸಿ, ವ್ಯತ್ಯಾಸ ಬಂದ ಜಾಗಗಳನ್ನಷ್ಟೇ ಮೂರನೆಯವರ ಮುಂದಿಡುತ್ತದೆ. ಈ ಮೂರನೆಯವರು ಅನುಭವಸ್ಥ ಸ್ವಯಂಸೇವಕರು; ತೀರ್ಪುಗಾರರು ಎನ್ನೋಣ. ಅವರು ಎರಡರಲ್ಲಿ ಒಂದನ್ನು ಎತ್ತಿಹಿಡಿಯಬಹುದು, ಅಥವಾ ಎರಡನ್ನೂ ಬಿಟ್ಟು ತಮ್ಮ ಓದನ್ನು ಬರೆಯಬಹುದು. ಅದೇ ಕೊನೆಯ ಮಾತು.

ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕದ ಪುಟ ತಿದ್ದಿದವರಿಗೆ ಇದು ಅರ್ಧ ಪರಿಚಿತ. ಅಲ್ಲೂ ಒಬ್ಬರು ಓದಿ ತಿದ್ದಿದ ಪುಟ ಹಳದಿಯಾಗುತ್ತದೆ, ಹಸಿರಾಗಬೇಕಾದರೆ ಬೇರೊಬ್ಬರು ನೋಡಲೇಬೇಕು. ವ್ಯತ್ಯಾಸ ಒಂದೇ: ಅಲ್ಲಿ ಎರಡನೆಯವರಿಗೆ ಮೊದಲನೆಯವರ ಓದು ಕಣ್ಣಮುಂದೆ ಇರುತ್ತದೆ, ಇಲ್ಲಿ ಇರುವುದಿಲ್ಲ. ಸಣ್ಣ ವ್ಯತ್ಯಾಸ ಅನ್ನಿಸಬಹುದು. ಮೊದಲೇ ಓದಿಟ್ಟದ್ದು ಕಂಡರೆ ಕಣ್ಣು ಅದನ್ನೇ ಒಪ್ಪಿಕೊಳ್ಳುತ್ತದೆ ಎಂದು ಕರಡು ತಿದ್ದಿದ ಯಾರಿಗಾದರೂ ಗೊತ್ತು.

ಈ ಪದ್ಧತಿ ಕೆಲಸ ಮಾಡಿತು. 2012ರ ಜುಲೈ 2ರಂದು ಒಂದೇ ದಿನದಲ್ಲಿ ಎಷ್ಟು ಆಗುತ್ತದೆ ನೋಡೋಣ ಎಂದು ಕರೆ ಕೊಟ್ಟಾಗ 46,091 ಜನ ಕೂತು 72 ಲಕ್ಷಕ್ಕೂ ಹೆಚ್ಚು ದಾಖಲೆ ಟೈಪ್ ಮಾಡಿದರು, 30 ಲಕ್ಷದಷ್ಟಕ್ಕೆ ತೀರ್ಪಾಯಿತು. ರಾಜ್ಯಗಳು ಒಂದೊಂದಾಗಿ ಮುಗಿದವು. ಪುಟ್ಟ ಡೆಲವೇರ್ ಮೊದಲು. ಯಾವ ರಾಜ್ಯ ಎಷ್ಟು ಮುಗಿದಿದೆ ಎಂಬ ನಕ್ಷೆ ಎಲ್ಲರಿಗೂ ಕಾಣುತ್ತಿತ್ತು, ನಮ್ಮ ರಾಜ್ಯ ಹಿಂದೆ ಬಿತ್ತಲ್ಲ ಎಂಬ ಚುರುಕು ಅದರಿಂದಲೇ ಹುಟ್ಟಿತು.

ಆದರೆ ಪದ್ಧತಿಯ ಎರಡು ಕೀಲು ಸಡಿಲ ಇದ್ದವು. ಮೊದಲನೆಯದು, ಇಬ್ಬರೂ ಒಂದೇ ತಪ್ಪು ಮಾಡಿದರೆ ವ್ಯತ್ಯಾಸವೇ ಇರುವುದಿಲ್ಲ. ತೀರ್ಪುಗಾರನ ಗಮನ ಅಲ್ಲಿಗೆ ಹೋಗುವುದೇ ಇಲ್ಲ. ಪೋಲಿಷ್ ಅಥವಾ ಪೋರ್ಚುಗೀಸ್ ಮನೆತನದ ಹೆಸರು ಕೇಳಿಯೇ ಗೊತ್ತಿಲ್ಲದ ಇಬ್ಬರು ಅದನ್ನು ತಮಗೆ ಪರಿಚಿತವಾದ ಇಂಗ್ಲಿಷ್ ಹೆಸರಿಗೆ ತಿರುಗಿಸಿ ಓದುವುದು ಸಹಜ. ಎರಡನೆಯದು ತೀರ್ಪುಗಾರರು. ಸ್ವಯಂಸೇವಕರಿಗೆ ತಮ್ಮ ಬ್ಯಾಚಿನಲ್ಲಿ ಶೇಕಡ ಎಷ್ಟು ಸರಿಯಾಯಿತು ಎಂದು ಅಂಕ ಕಾಣುತ್ತಿತ್ತು. ಸ್ವಂತ ಊರಿನ ಪುಟವೇ ಕೈಗೆ ಬಂದು, ಅಕ್ಕಪಕ್ಕದ ಮನೆಗಳ ಹೆಸರು ಬಾಯಿಪಾಠ ಇದ್ದು, ಸರಿಯಾಗಿ ಟೈಪ್ ಮಾಡಿದವರ ಓದನ್ನು ದೂರದ ತೀರ್ಪುಗಾರ ತಳ್ಳಿಹಾಕಿದರೆ ಹೇಗಿರುತ್ತದೆ? ಈ ಗೊಣಗಾಟ ಯೋಜನೆಯುದ್ದಕ್ಕೂ ಇತ್ತು. ಊರಿನವರ ತಿಳಿವಳಿಕೆಗೆ ಬೆಲೆ ಕೊಡುವ ವ್ಯವಸ್ಥೆ ಅಲ್ಲಿ ಇರಲಿಲ್ಲ ಎಂಬುದು ನನ್ನ ದೊಡ್ಡ ತಕರಾರು. ಇನ್ನೂ ಕೆಟ್ಟದ್ದೆಂದರೆ, ಪ್ರಕಟವಾದ ಸೂಚಿಯಲ್ಲಿ ಓದುಗರು ತಪ್ಪು ಕಂಡರೆ ಅಲ್ಲೇ ತಿದ್ದುವ ಸೌಲಭ್ಯ ಬಂದದ್ದು ಹಲವು ವರ್ಷ ಕಳೆದ ಮೇಲೆ.

ಮುಂದಿನ ವರ್ಷವೇ, 2013ರಲ್ಲಿ, ಇದೇ ಸಂಸ್ಥೆಯ ಕೆಲಸವನ್ನು ಪರೀಕ್ಷಿಸಿದ ಒಂದು ಅಧ್ಯಯನ ಪ್ರಕಟವಾಯಿತು. ಒಬ್ಬರು ಟೈಪ್ ಮಾಡಿ ಇನ್ನೊಬ್ಬರು ಪರಿಶೀಲಿಸುವ ಸರಳ ಪದ್ಧತಿಗೆ ಸಮಯ ಬಹಳ ಕಡಿಮೆ ಸಾಕು, ಗುಣಮಟ್ಟ ಹೆಚ್ಚೇನೂ ಇಳಿಯುವುದಿಲ್ಲ, ದಾಖಲೆಯ ಭಾಷೆ ಮಾತೃಭಾಷೆಯಾಗಿದ್ದವರ ಓದು ಉತ್ತಮ ಎಂದು ಅದು ತೋರಿಸಿತು. ಫ್ಯಾಮಿಲಿಸರ್ಚ್ ಕ್ರಮೇಣ ಆ ಸರಳ ಪದ್ಧತಿಗೇ ಹೊರಳಿತು.

ಬೆವರು ಯಾರದು, ಫಸಲು ಯಾರದು

ಈ ಯೋಜನೆಯಲ್ಲಿ ಫ್ಯಾಮಿಲಿಸರ್ಚ್ ಒಂದೇ ಇರಲಿಲ್ಲ. ಫೈಂಡ್‌ಮೈಪಾಸ್ಟ್, ಆರ್ಕೈವ್ಸ್ ಡಾಟ್ ಕಾಮ್ ಎಂಬ ವ್ಯಾಪಾರಿ ಸಂಸ್ಥೆಗಳೂ ಪಾಲುದಾರರು. ಸೂಚಿ ಸಾರ್ವಜನಿಕರಿಗೆ ಉಚಿತ ಎಂಬ ಮಾತಿನ ಮೇಲೆ ಜನ ಕೈಜೋಡಿಸಿದ್ದರು. ಎದುರು ಪಾಳಯದಲ್ಲಿ ಆನ್ಸೆಸ್ಟ್ರಿ, ಈ ವ್ಯಾಪಾರದ ದೈತ್ಯ. ಅದು ಕೂಲಿ ಕೊಟ್ಟು ತನ್ನದೇ ಬೇರೆ ಸೂಚಿ ಮಾಡಿಸುತ್ತಿತ್ತು. ಏಪ್ರಿಲ್ ಮುಗಿಯುವ ಮುಂಚೆ ಸುದ್ದಿ ಬಂತು: ಆರ್ಕೈವ್ಸ್ ಡಾಟ್ ಕಾಮ್ ಅನ್ನು ಆನ್ಸೆಸ್ಟ್ರಿ ಸುಮಾರು 10 ಕೋಟಿ ಡಾಲರಿಗೆ ಕೊಳ್ಳುತ್ತಿದೆ. ಸ್ವಯಂಸೇವಕರ ಪಾಲುದಾರ ಕೆಲಸದ ಮಧ್ಯದಲ್ಲೇ ಪ್ರತಿಸ್ಪರ್ಧಿಯ ಜೇಬಿಗೆ ಹೋದಂತಾಯಿತು. ಪತ್ರಾಗಾರದ ತಾಣವನ್ನು ಕಟ್ಟಿಕೊಟ್ಟದ್ದೂ ಆರ್ಕೈವ್ಸ್ ಡಾಟ್ ಕಾಮ್‌ನ ಮಾತೃಸಂಸ್ಥೆಯೇ.

ಇದರಲ್ಲಿ ಮೋಸವಿತ್ತು ಎಂದು ನಾನು ಹೇಳುವುದಿಲ್ಲ. ಸೂಚಿ ಫ್ಯಾಮಿಲಿಸರ್ಚ್‌ನಲ್ಲಿ ಇವತ್ತಿಗೂ ಉಚಿತ. ಪೈಪೋಟಿಯ ಬಿಸಿಗೆ ಆನ್ಸೆಸ್ಟ್ರಿ ಕೂಡ ತನ್ನದನ್ನು 2013ರ ಕೊನೆಯವರೆಗೆ ಉಚಿತವಾಗಿಟ್ಟಿತು. ಆದರೆ ಕೋಟಿಗಟ್ಟಲೆ ಸಾಲು ಟೈಪ್ ಮಾಡಿದ ಜನರಿಗೆ ಆ ದತ್ತಾಂಶದ ಮೇಲೆ ಯಾವ ಹಕ್ಕೂ ಇಲ್ಲ, ಯಾರು ಯಾರಿಗೆ ಮಾರಿದರೂ ಕೇಳುವ ಹಾಗಿಲ್ಲ. ಊರ ದಾಖಲೆ ಟೈಪ್ ಮಾಡಲು ಹೊರಟ ಯಾವುದೇ ತಂಡ ಮೊದಲ ದಿನವೇ ಕಾಗದದ ಮೇಲೆ ಬರೆದುಕೊಳ್ಳಬೇಕಾದದ್ದು ಇದು.

ಕಾಲಂ 10ರಲ್ಲಿ 'ಹಿನ್'

ಜನಾಂಗದ ಕಾಲಂನಲ್ಲಿ ಗಣತಿದಾರರು ಬಳಸಬೇಕಿದ್ದ ಸಂಕ್ಷೇಪಗಳಲ್ಲಿ ಒಂದು 'ಹಿನ್', ಅಂದರೆ ಹಿಂದೂ. ಭಾರತದಿಂದ ಹೋದವರೆಲ್ಲ ಆ ಕಾಲಂನಲ್ಲಿ ಹಿಂದೂಗಳೇ, ಪಂಜಾಬಿನ ಸಿಖ್ಖರೂ ಮುಸಲ್ಮಾನರೂ ಸೇರಿ. 1940ರಲ್ಲಿ ಇಡೀ ದೇಶದಲ್ಲಿ ಹೀಗೆ ಎಣಿಸಲ್ಪಟ್ಟವರು 2,405 ಮಂದಿ. ಕ್ಯಾಲಿಫೋರ್ನಿಯದ ಇಂಪೀರಿಯಲ್ ಕಣಿವೆಯ ಹೊಲಗಳಲ್ಲಿ ದುಡಿಯುತ್ತಿದ್ದ ಪಂಜಾಬಿ ರೈತರಲ್ಲಿ ಹಲವರು ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾಗಿದ್ದರು. ಆ ವರ್ಷದ ನಿಯಮದಂತೆ ಮೆಕ್ಸಿಕನ್ನರು ಬಿಳಿಯರು. ತಂದೆತಾಯಿಯಲ್ಲಿ ಒಬ್ಬರು ಬಿಳಿಯರಲ್ಲದಿದ್ದರೆ ಮಕ್ಕಳಿಗೆ ಆ ಬಿಳಿಯರಲ್ಲದವರ ಜನಾಂಗ. ಹಾಗಾಗಿ ಮೆಕ್ಸಿಕೋ ಮೂಲದ ತಾಯಿಯ, ಕ್ಯಾಥೊಲಿಕ್ ಹೆಸರಿನ ಮಕ್ಕಳೂ ನಿಯಮದ ಪ್ರಕಾರ 'ಹಿನ್'. ಪೌರತ್ವದ ಕಾಲಂನಲ್ಲಿ ತಂದೆಗೆ ಪರಕೀಯ ಎಂಬ ಗುರುತು. 1923ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಭಾರತೀಯರಿಗೆ ಪೌರತ್ವ ಸಿಗುತ್ತಿರಲಿಲ್ಲ, 1946ರ ಕಾನೂನು ಬರುವವರೆಗೆ. ಇಷ್ಟೂ ಒಂದು ಸಾಲಿನಲ್ಲಿ ಇರುತ್ತದೆ. ಸ್ವಯಂಸೇವಕನ ಪಾಲಿಗೆ ಅದು ಮೂರಕ್ಷರದ ಒಂದು ಸಂಕ್ಷೇಪ.

ಇದೇ ಕಾಲಂನ ಇನ್ನೊಂದು ಸಂಕ್ಷೇಪಕ್ಕೆ ಕರಾಳ ಕತೆಯಿದೆ. 1942ರ ಯುದ್ಧಕಾಲದ ಕಾನೂನು ಗಣತಿಯ ಗೋಪ್ಯತೆಯನ್ನು ತೆಗೆದುಹಾಕಿತು. ಜಪಾನಿ ಮೂಲದವರು ಯಾವ ಬಡಾವಣೆಯಲ್ಲಿ ಎಷ್ಟಿದ್ದಾರೆಂಬ ಲೆಕ್ಕ ಅವರನ್ನು ಶಿಬಿರಗಳಿಗೆ ಸಾಗಿಸಲು ಬಳಕೆಯಾಯಿತು. 1943ರಲ್ಲಿ ವಾಷಿಂಗ್ಟನ್ ಸುತ್ತಲಿನವರ ಹೆಸರು ವಿಳಾಸಗಳೇ ಸರ್ಕಾರದ ಭದ್ರತಾ ದಳಕ್ಕೆ ಹೋದವೆಂದು ವಿಲಿಯಂ ಸೆಲ್ಟ್ಸರ್ ಮತ್ತು ಮಾರ್ಗೊ ಆಂಡರ್ಸನ್ 2007ರಲ್ಲಿ ದಾಖಲೆ ಸಮೇತ ತೋರಿಸಿದರು. 72 ವರ್ಷದ ಬೀಗ ಯಾರಿಗೆ ಹಾಕಿದ್ದು ಎಂಬ ಪ್ರಶ್ನೆ ಏಳುತ್ತದೆ. 2012ರಲ್ಲಿ ತೆರೆದಾಗಲೂ ಆ ಹಾಳೆಗಳಲ್ಲಿದ್ದ 2.1 ಕೋಟಿಗೂ ಹೆಚ್ಚು ಜನ ಬದುಕಿದ್ದರು.

ನಮ್ಮ ಕಡೆ

ಭಾರತದಲ್ಲಿ ಇಂಥದ್ದು ಆಗುವ ಹಾಗಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ಮನೆಮನೆಯ ದಾಖಲೆಯನ್ನು ಸಾರ್ವಜನಿಕರು ನೋಡುವಂತಿಲ್ಲ. 72 ವರ್ಷವಾದ ಮೇಲೆ ತೆರೆಯುತ್ತದೆ ಎಂಬ ಮಾತು ಅದರಲ್ಲಿ ಇಲ್ಲ. ಉತ್ತರ ಕರ್ನಾಟಕದ ಮನೆಗಳಿಗೆ ವಂಶ ಹೇಳಲು ಹೆಳವರು ಬರುತ್ತಾರೆ; ಎತ್ತಿನ ಮೇಲೆ ಬಂದು, ಮುತ್ತಾತನಿಂದ ಹಿಡಿದು ಒಕ್ಕಲಿನ ಹೆಸರುಗಳನ್ನು ಓದಿ, ಹೊಸದಾಗಿ ಹುಟ್ಟಿದ ಕೂಸಿನ ಹೆಸರು ಸೇರಿಸಿಕೊಂಡು ಕಾಳು ಪಡೆದು ಹೋಗುತ್ತಾರೆ. ಅವರ ಪುಸ್ತಕ ಅವರ ಕುಟುಂಬದ ಜೀವನಾಧಾರ. ಸ್ಕ್ಯಾನ್ ಮಾಡಿ ಎಲ್ಲರಿಗೂ ಉಚಿತ ಹಂಚುತ್ತೇವೆ ಎಂದು ಹೋಗುವವರು ಆ ಕಾಳಿನ ಲೆಕ್ಕವನ್ನೂ ಮಾಡಿಕೊಂಡು ಹೋಗಬೇಕು.

ಹಾಗಾದರೆ ಕೈಗೆ ಸಿಗುವುದು ಶಾಲೆಯ ದಾಖಲಾತಿ ಪುಸ್ತಕ, ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರು, ಮಠದ ಕಡತ, ಕೈಬರಹದ ಪಹಣಿ. ಹಳೆಯ ಮುಂಬೈ ಕರ್ನಾಟಕದ ಕುಲಕರ್ಣಿ ದಫ್ತರಗಳಾದರೆ ಮೋಡಿ ಲಿಪಿಯಲ್ಲಿವೆ, ಮರಾಠಿಯನ್ನು ಹಿಂದೆ ಕೂಡಿಸಿ ಬರೆಯುತ್ತಿದ್ದ ಲಿಪಿ ಅದು. ಅಮೆರಿಕದವರಿಗೆ 1950ರ ಗಣತಿ 2022ರಲ್ಲಿ ತೆರೆದಾಗ ಕೈಬರಹವನ್ನು ಮೊದಲು ಯಂತ್ರವೇ ಓದಿತು, ಸ್ವಯಂಸೇವಕರು ಅದನ್ನು ತಿದ್ದುತ್ತ ಕೂತರು. ನಮ್ಮ ದಫ್ತರಗಳಿಗೆ ಸದ್ಯಕ್ಕೆ ಮನುಷ್ಯರ ಕಣ್ಣೇ ಬೇಕು, ಅದೂ ಪುಟಕ್ಕೆ ಎರಡು ಜೋಡಿ. ಒಂದು ತಾಲ್ಲೂಕಿನಲ್ಲಿ ಮೋಡಿ ಓದಬಲ್ಲ ಇಬ್ಬರು ಸಿಗುವುದೇ ಕಷ್ಟ. ಅಂಥ ಕಡೆ ತಂತ್ರಾಂಶಕ್ಕೆ ಹಣ ಹೊಂದಿಸುವ ಮೊದಲು ಓದು ಕಲಿಸುವ ಒಂದು ತರಗತಿ ಶುರುಮಾಡುವುದು ಒಳ್ಳೆಯದು.